ಗಾಜಿನಮನೆಯ ಅಕ್ಕಾರ

ಅಮ್ಮ ಆ ಮಾಲನ್ನು ಮೊದಲ ದಿನದಿಂದಲೂ ಗಾಜಿನಮನೆ ಎಂದೇ ಕರೆದಳು. ಅದಕ್ಕೊಂದು ದೊಡ್ಡ ಇಂಗ್ಲಿಷ್ ಹೆಸರಿತ್ತು, ಹೈವೇಯಿಂದಲೇ ಓದುವಷ್ಟು ಎತ್ತರದ ಅಕ್ಷರಗಳಲ್ಲಿ ಬರೆದೂ ಇದ್ದರು. ಆದರೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಮೈಸೂರಿನಿಂದ ವರ್ಷ ತಪ್ಪದೆ ಹೋಗುತ್ತಿದ್ದವಳಿಗೆ, ತಲೆಯ ಮೇಲೆ ಗಾಜಿದ್ದರೆ ಅದು ಗಾಜಿನಮನೆ, ಮುಗಿಯಿತು.

ಅವಳು ನಮ್ಮ ಮನೆಗೆ, ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಜರ್ಮನ್‌ಟೌನಿಗೆ, ಬಂದದ್ದು ಎರಡು ಸಾವಿರದ ಇಪ್ಪತ್ತರ ಸಂಕ್ರಾಂತಿ ಮುಗಿಸಿಕೊಂಡು. ಆರು ತಿಂಗಳ ವೀಸಾ, ಎರಡು ಸೂಟ್‌ಕೇಸ್, ಒಂದು ಸಕ್ಕರೆ ಕಾಯಿಲೆ. ದಿನಾ ಮುಕ್ಕಾಲು ಗಂಟೆ ನಡೆಯಲೇಬೇಕೆಂದು ಅವಳ ಡಾಕ್ಟರು ಕಟ್ಟಪ್ಪಣೆ ಮಾಡಿ ಕಳಿಸಿದ್ದರು. ಬಂದ ನಾಲ್ಕನೇ ದಿನ ಅಪಾರ್ಟ್‌ಮೆಂಟಿನ ಎದುರು ಐಸಿನ ಮೇಲೆ ಜಾರಿ ಕೂತಳು. ಎಲುಬು ಮುರಿಯಲಿಲ್ಲ, ಪುಣ್ಯ. ಮಾರನೆಯ ದಿನದಿಂದ ನಾನು ಕೆಲಸಕ್ಕೆ ಹೋಗುವಾಗ ಅವಳನ್ನು ಮಾಲಿನ ಬಾಗಿಲಲ್ಲಿ ಇಳಿಸಿ, ಮಧ್ಯಾಹ್ನ ಊಟದ ಬಿಡುವಿನಲ್ಲಿ ವಾಪಸು ಕರೆತರತೊಡಗಿದೆ. ನನ್ನ ಲ್ಯಾಬ್ ಅಲ್ಲಿಂದ ಹತ್ತು ನಿಮಿಷ. ಅಂಗಡಿಗಳು ತೆರೆಯುವುದಕ್ಕೆ ಎರಡು ಗಂಟೆ ಮೊದಲೇ ಮಾಲಿನ ಬಾಗಿಲು ತೆಗೆಯುತ್ತಿದ್ದರು, ನಡೆಯುವವರಿಗಾಗಿಯೇ. ಚಳಿಗಾಲದಲ್ಲಿ ಅಲ್ಲಿ ನಮ್ಮವರದೇ ಒಂದು ಸಣ್ಣ ಜಾತ್ರೆ. ಸೀರೆಯ ಕೆಳಗೆ ಸ್ನೀಕರ್ಸ್, ಸ್ವೆಟರಿನ ಮೇಲೆ ಮಫ್ಲರು, ಕೈಯಲ್ಲಿ ಹೆಜ್ಜೆ ಎಣಿಸಲು ಮಗನದೋ ಮಗಳದೋ ಸಿಮ್ ಇಲ್ಲದ ಹಳೆಯ ಫೋನು.

ಲಿಫ್ಟಿನ ಪಕ್ಕದ ಗೋಡೆಯಲ್ಲಿ ಒಂದು ಹಿತ್ತಾಳೆಯ ಫಲಕವಿತ್ತು. ಅದರ ಮೇಲೆ ಕಪ್ಪುಬಿಳುಪಿನ ಚಿತ್ರ: ಬೆಲ್ಜಿಯಂ ದೇಶದ ಯಾವುದೋ ನಗರದ ಹಳೆಯ ಅಂಗಡಿಬೀದಿ, ಎರಡೂ ಕಡೆ ಮಹಡಿಗಳು, ಮೇಲೆ ಕಮಾನಾಗಿ ಬಾಗಿದ ಗಾಜು. ಈ ಮಾಲನ್ನು ಕಟ್ಟಿಸಿದ ಮನುಷ್ಯ ಅಲ್ಲಿಗೆ ಪ್ರವಾಸ ಹೋಗಿ, ಆ ಬೀದಿಯನ್ನು ನೋಡಿ ಮರುಳಾಗಿ, ಹಿಂದಿರುಗಿದ ಮೇಲೆ ಹಸು ಮೇಯುತ್ತಿದ್ದ ಮೇರಿಲ್ಯಾಂಡಿನ ಹುಲ್ಲುಗಾವಲಿನಲ್ಲಿ ಅಂಥದ್ದೇ ಛಾವಣಿ ಎಬ್ಬಿಸಿದನಂತೆ. ನಾನು ಹದಿನಾಲ್ಕು ವರ್ಷದಿಂದ ಆ ಲಿಫ್ಟಿನ ಪಕ್ಕ ಓಡಾಡಿದ್ದೆ. ಒಂದು ಸಲವೂ ಅದನ್ನು ಓದಿರಲಿಲ್ಲ. ಅಮ್ಮ ಓದಿದಳು. ಮೂವತ್ತೆರಡು ವರ್ಷ ಹುಡುಗಿಯರ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು ಗೋಡೆಯ ಮೇಲೆ ಬರೆದದ್ದನ್ನು ಬಿಡುವುದುಂಟೇ? ಓದಿದ್ದಷ್ಟೇ ಅಲ್ಲ, ಲೈಬ್ರರಿಯಿಂದ ಅದರ ಮೇಲೆ ಪುಸ್ತಕ ತಂದುಕೊಡು ಎಂದು ನನ್ನ ಬೆನ್ನು ಹತ್ತಿದಳು.

"ಯಾರಿಗಮ್ಮಾ ಪಾಠ ಮಾಡ್ಬೇಕು ಈಗ?" ಎಂದು ರೇಗಿದೆ.

"ಇದಾರೆ ಒಬ್ಬರು," ಅಂದಳು.

ಹಾಗೆ ಗೊತ್ತಾದದ್ದು ಹುಬ್ಬಳ್ಳಿಯ ಆ ಹೆಂಗಸಿನ ವಿಷಯ. ಅಮ್ಮನಿಗಿಂತ ಎರಡು ವರ್ಷ ಚಿಕ್ಕವರು. ಕುಳ್ಳಗೆ, ಗಟ್ಟಿಮುಟ್ಟಾಗಿ, ಇಳಕಲ್ ಸೀರೆಯ ಮೇಲೆ ಮಗನ ಆಫೀಸಿನ ಜಾಕೆಟ್ ಹಾಕಿಕೊಂಡು ಬರುತ್ತಿದ್ದರು. ಮಗನಿಗೆ ಮೊದಲು ನಾರ್ತ್ ಕೆರೊಲಿನಾದ ಬ್ಯಾಲಂಟೈನಿನಲ್ಲಿ ಕೆಲಸ, ಆಗಷ್ಟೇ ಒಂದು ಪ್ರಾಜೆಕ್ಟಿಗೆಂದು ನಮ್ಮ ಕಡೆ ಬಂದಿದ್ದ. ಅವರು ಏಳನೇ ಇಯತ್ತೆಗೆ ಶಾಲೆ ಬಿಟ್ಟವರು. ಬಿಡಿಸಿದ್ದು ಅಪ್ಪ, ಮದುವೆಗೆಂದು. ಅದರ ಸಿಟ್ಟು ಅವರಲ್ಲಿ ಐವತ್ತೈದು ವರ್ಷ ಆದರೂ ಇಳಿದಿರಲಿಲ್ಲವಂತೆ. ನಡೆಯುತ್ತ ನಡೆಯುತ್ತ ಅಮ್ಮ ಫಲಕದ ಕಥೆ ಹೇಳಿದ್ದಾಳೆ, ಅವರು ನಿಂತು ಕೇಳಿದ್ದಾರೆ. ಮಾರನೆಯ ದಿನ ಬಾಗಿಲಲ್ಲೇ ಕಾದಿದ್ದಾರೆ: "ಮುಂದೇನಾತ್ರಿ ಅಕ್ಕಾರ?"

ಅಲ್ಲಿಂದ ಶುರುವಾಯಿತು. ಒಂದು ಸುತ್ತಿಗೆ ಒಂದು ಪಾಠ. ಕೆಸರಿನಲ್ಲಿ ಕುದುರೆಗಾಡಿಗಳು ಓಡಾಡುವ ಬೀದಿಯಲ್ಲಿ ರೇಷ್ಮೆ ಲಂಗದ ಹೆಂಗಸರು ನಡೆಯುವುದು ಹೇಗೆಂದು ಯಾರೋ ಯೋಚಿಸಿದ್ದು, ಅದಕ್ಕಾಗಿ ಬೀದಿಗೇ ಸೂರು ಹಾಕಿದ್ದು, ಕಬ್ಬಿಣದ ಕಮಾನು ಎರಕ ಹೊಯ್ದದ್ದು, ಗ್ಯಾಸ್ ದೀಪ ಹಚ್ಚಿದ ಸಂಜೆ ಊರಿಗೆ ಊರೇ ನೋಡಲು ಬಂದದ್ದು. ಕೈಗವಸಿನ ಅಂಗಡಿ, ಲೇಸಿನ ಅಂಗಡಿ, ಚಾಕೊಲೇಟಿನ ಅಂಗಡಿ. ಆ ಲೇಸು ಹೆಣೆದು ಕಣ್ಣು ಕಳೆದುಕೊಂಡ ಬಡ ಹೆಂಗಸರ ವಿಷಯ ಬಂದಾಗ ಹುಬ್ಬಳ್ಳಿಯವರು ಕಣ್ಣೀರು ಹಾಕಿದರಂತೆ. ಅಮ್ಮ ಸ್ವಲ್ಪ ಉಪ್ಪುಖಾರ ಸೇರಿಸಿಯೇ ಹೇಳಿರುತ್ತಾಳೆ, ನನಗೆ ಗೊತ್ತು. ರಾಜ ಬಂದ, ರಾಣಿ ಬಂದಳು ಎಂದೆಲ್ಲ. ಮನೆಗೆ ಬಂದರೆ ಊಟದ ಮೇಜಿನ ಮೇಲೆ ಲೈಬ್ರರಿ ಪುಸ್ತಕ, ಪಕ್ಕದಲ್ಲಿ ನೋಟ್‌ಬುಕ್ಕು, ಅದರಲ್ಲಿ ಅವಳ ದುಂಡನೆಯ ಅಕ್ಷರದಲ್ಲಿ ನಾಳೆಯ ಪಾಠದ ಟಿಪ್ಪಣಿ. ಅಪ್ಪ ಹೋದ ಮೇಲೆ ಅವಳು ಅಷ್ಟು ಉತ್ಸಾಹದಿಂದ ಏನನ್ನಾದರೂ ಮಾಡಿದ್ದು ನಾನು ಕಂಡಿರಲಿಲ್ಲ.

ಯೂರೋಪು ಮುಗಿದ ದಿನ ನಮ್ಮ ಮಾಲಿನ ಚರಿತ್ರೆಯನ್ನೂ ಕೈಗೆತ್ತಿಕೊಂಡಳು. ಅದಕ್ಕೆ ನಾನೇ ಆಕರ. ನಾವು ಬಂದ ಹೊಸದರಲ್ಲಿ ಅಲ್ಲಿ ಮೂರು ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರುಗಳಿದ್ದವು ಎಂದೆ. ವೀಕೆಂಡಿನಲ್ಲಿ ಪಾರ್ಕಿಂಗ್ ಸಿಗುತ್ತಿರಲಿಲ್ಲ ಎಂದೆ. ನನ್ನ ಮಗಳು ನಡೆಯಲು ಕಲಿತದ್ದು ಆ ಮಾಲಿನ ನೆಲದ ಮೇಲೆ. ಹೊರಗೆ ಹಿಮ, ಮನೆಯಲ್ಲಿ ಜಾಗವಿಲ್ಲ, ಅಲ್ಲಿ ಗಾಜಿನಿಂದ ಇಳಿದ ಬಿಸಿಲಿನ ಚೌಕಗಳನ್ನು ಹಿಡಿಯಲು ಹೋಗಿ ಹೆಜ್ಜೆ ಇಟ್ಟಳು. ಆ ಛಾವಣಿ ಮಾತ್ರ ಕಟ್ಟಿದ ದಿನದಿಂದ ಸೋರುತ್ತಿತ್ತಂತೆ. ಮಳೆ ಬಂದರೆ ಹಳದಿ ಬಕೆಟ್ಟುಗಳ ಸಾಲು. ದೊಡ್ಡ ಸ್ಟೋರುಗಳು ಒಂದಾದ ಮೇಲೊಂದು ಬಾಗಿಲು ಹಾಕಿದವು. ಎಲ್ಲರೂ ಮನೆಯಲ್ಲೇ ಕೂತು ಆರ್ಡರ್ ಮಾಡುವ ಕಾಲ ಬಂತು. ಅಮ್ಮ ಬಂದ ವರ್ಷ ಉಳಿದದ್ದು ಒಂದು ಶೂ ಅಂಗಡಿ, ಒಂದು ಕನ್ನಡಕದ ಅಂಗಡಿ, ಹುಬ್ಬು ತಿದ್ದುವ ನಮ್ಮವರ ಕಿಯಾಸ್ಕು, ಪ್ರೆಟ್ಜೆಲ್ ಮಾರುವವನು, ಮತ್ತೆ ಈ ನಡೆಯುವವರು. ಅದನ್ನೆಲ್ಲ ಅಮ್ಮ ಬರೆದುಕೊಂಡಳು.

"ನಿನ್ನ ಸ್ಟೂಡೆಂಟ್ ಹೆಸರೇನಮ್ಮಾ?" ಎಂದು ಒಮ್ಮೆ ಕೇಳಿದೆ.

"ಹೆಸರಾ? ಅಕ್ಕಾರ ಅಂತೀನಿ. ಅವರೂ ಅಕ್ಕಾರ ಅಂತಾರೆ."

"ಹೆಸರು ಕೇಳ್ಲಿಲ್ವಾ?"

"ಹೆಸರು ಹಿಡಿದು ಕರೆಯೋಕೆ ಅವರೇನು ನನ್ನ ಮಗಳಾ?"

ಅವರ ಪಿತ್ತಕೋಶದ ಆಪರೇಷನ್ನು ಗೊತ್ತು, ಸೊಸೆಯ ಥೈರಾಯ್ಡು ಗೊತ್ತು, ತಂಗಿಯ ಗಂಡ ಬಿಟ್ಟುಹೋದದ್ದು ಗೊತ್ತು, ಹೆಸರು ಗೊತ್ತಿಲ್ಲ. ನಗು ಬಂತು. ನಮ್ಮ ಹಿರಿಯರ ಸ್ನೇಹಗಳೆಲ್ಲ ಇಲ್ಲಿ ಹಾಗೆಯೇ, ಊರಿನ ಹೆಸರಿನ ಮೇಲೆ ನಡೆಯುತ್ತವೆ.

ಈಗ ನನ್ನ ವಿಷಯಕ್ಕೆ ಬರಬೇಕು. ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರಬೇಕು.

ಇಲ್ಲಿ ಬದುಕಿದ ನಮ್ಮವರಿಗೆ ಬೇರೆ ವಿವರಣೆ ಬೇಕಿಲ್ಲ, ಊರಿನವರಿಗಾಗಿ ಹೇಳುತ್ತೇನೆ. ಅಮೆರಿಕದ ಅಂಗಡಿಗಳಲ್ಲಿ ಅಪರಿಚಿತ ಭಾರತೀಯನೊಬ್ಬ ನಗುತ್ತ ಹತ್ತಿರ ಬಂದು, "ನೀವು ಕನ್ನಡದವರಾ? ಯಾವ ಕಂಪನೀಲಿದೀರಾ?" ಎಂದು ಕೇಳಿದರೆ ನಾವು ಖುಷಿಪಡುವುದಿಲ್ಲ, ಹುಷಾರಾಗುತ್ತೇವೆ. ಐದು ನಿಮಿಷದಲ್ಲಿ ಅವನು ಫೋನ್ ನಂಬರ್ ಕೇಳುತ್ತಾನೆ. ವಾರದಲ್ಲಿ ಮನೆಗೆ ಕರೆಯುತ್ತಾನೆ. ಹೋದರೆ ಚಹಾ ಕೊಟ್ಟು, ಬಿಳಿ ಬೋರ್ಡಿನ ಮೇಲೆ ವೃತ್ತ ಬರೆದು, ಅದರ ಕೆಳಗೆ ಎರಡು ವೃತ್ತ, ಅದರ ಕೆಳಗೆ ನಾಲ್ಕು ವೃತ್ತ ಬರೆದು, ನೀವೂ ನಮ್ಮ ಬಿಸಿನೆಸ್ಸಿಗೆ ಸೇರಿ, ಇನ್ನಿಬ್ಬರನ್ನು ಸೇರಿಸಿ ಎನ್ನುತ್ತಾನೆ. ನಾನೊಮ್ಮೆ ಹಾಲಿನ ಕಪಾಟಿನ ಎದುರು ಸಿಕ್ಕ ಒಂದು ಒಳ್ಳೆಯ ದಂಪತಿಯನ್ನು ನಂಬಿ, ಕೋಸಂಬರಿ ಮಾಡಿಕೊಂಡು ಅವರ ಮನೆಗೆ ಹೋಗಿ, ಎರಡು ಗಂಟೆ ವೃತ್ತ ನೋಡಿ ಬಂದವಳು. ಅಂದಿನಿಂದ ಕಲಿತ ಉಪಾಯ ಒಂದೇ: ನಂಬರ್ ಕೇಳಿದರೆ ಕೊನೆಯ ಅಂಕೆ ಬದಲಿಸಿ ಕೊಡುವುದು. ಯಾರಿಗೂ ಬೇಜಾರಿಲ್ಲ, ಜಗಳವಿಲ್ಲ.

ಮಾರ್ಚ್ ಎರಡನೇ ವಾರ ಇರಬೇಕು. ಅಮ್ಮನನ್ನು ಇಳಿಸಿ ಕಾರು ತಿರುಗಿಸುವಾಗ ಒಬ್ಬ ನನ್ನ ಕಿಟಕಿ ತಟ್ಟಿದ. ನಲವತ್ತರ ವಯಸ್ಸು, ಲ್ಯಾಪ್‌ಟಾಪ್ ಬ್ಯಾಗು, ಹಲ್ಲೆಲ್ಲ ಕಾಣುವ ನಗು. "ಮೇಡಂ, ಕನ್ನಡದವರಲ್ರಿ? ಯಾವ ಕಂಪನಿ ಒಳಗ ಅದೀರಿ?" ಎಂದ. ನನಗೆ ಒಂಬತ್ತಕ್ಕೆ ಮೀಟಿಂಗು. "ನಿಮ್ಮ ನಂಬರ್ ಸಿಗ್ತೈತೇನ್ರಿ? ಅಮ್ಮ..." ಎಂದು ಇನ್ನೂ ಏನೋ ಹೇಳುತ್ತಿದ್ದ. ಕಂಪನಿ, ನಂಬರು, ಇಷ್ಟು ಕಿವಿಗೆ ಬಿದ್ದದ್ದೇ ಸಾಕು, ನನ್ನ ಬಾಯಿ ತಾನಾಗಿ ಹತ್ತು ಅಂಕೆ ಹೇಳಿತು, ಒಂಬತ್ತು ಸರಿ, ಒಂದು ಸುಳ್ಳು. ಅವನು ತನ್ನ ಫೋನಿನಲ್ಲಿ ಒತ್ತಿಕೊಂಡು ಥ್ಯಾಂಕ್ಸ್ ಅಂದ. ನಾನು ಗಾಜು ಏರಿಸಿ ಹೊರಟೆ.

ಮಧ್ಯಾಹ್ನ ಅಮ್ಮ ಕಾರು ಹತ್ತುತ್ತಲೇ ಮುಖ ಅರಳಿಸಿ ಕೇಳಿದಳು: "ಅಕ್ಕಾರರ ಮಗ ನಿನ್ನ ನಂಬರ್ ತಗೊಂಡರಂತೆ? ಒಳ್ಳೇದಾಯ್ತು ಕಣೇ. ಇನ್ನು ಮಳೆ ಬಂದ್ರೂ ಸ್ನೋ ಬಿದ್ರೂ ಫೋನಲ್ಲಿ ಮಾತಾಡ್ಕೋಬಹುದು."

ಕಿಟಕಿ ತಟ್ಟಿದವನು ಯಾರೆಂದು ಆಗ ಹೊಳೆಯಿತು. ಆದರೂ ದೊಡ್ಡ ವಿಷಯ ಅನ್ನಿಸಲಿಲ್ಲ. ನಾಳೆ ಆ ಮನುಷ್ಯ ಸಿಗುತ್ತಾನೆ, ಒಂದು ಅಂಕೆ ತಪ್ಪಾಯಿತು ನೋಡಿ ಎಂದರಾಯಿತು. ಮಾರನೆಯ ದಿನ ಅವನು ಕಾಣಲಿಲ್ಲ, ಅಕ್ಕಾರರನ್ನು ಮಾಲಿಗೆ ಇಳಿಸಿ ಹೋದದ್ದು ಅವನ ಹೆಂಡತಿಯಂತೆ. ಅದರ ಮಾರನೆಯ ದಿನ ನನಗೆ ಗಡಿಬಿಡಿ. ಆಮೇಲೆ ಶನಿವಾರ, ಭಾನುವಾರ. ಮುಂದಿನ ವಾರ ಕೊರೋನಾ ಬಂದು ಇಡೀ ಮೇರಿಲ್ಯಾಂಡ್ ಬಾಗಿಲು ಹಾಕಿಕೊಂಡಿತು. ಮಾಲಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು, ಮುಂದಿನ ಸೂಚನೆಯವರೆಗೆ ಎಂದು.

ಅಮ್ಮ ಕಾದಳು. ಮೊದಮೊದಲು ತಮಾಷೆಯಾಗಿ, "ಅಕ್ಕಾರರಿಗೆ ಇನ್ನೂ ಪಾಠ ಬಾಕಿ ಇದೆ, ಮಾಡ್ತಾರೆ ಫೋನು" ಎನ್ನುತ್ತಿದ್ದಳು. ಏಪ್ರಿಲ್ ಹೊತ್ತಿಗೆ ನನ್ನ ಫೋನು ಮೇಜಿನ ಮೇಲೆ ಕುಣಿದರೆ ಸಾಕು, ಅಡುಗೆಮನೆಯಿಂದ ಕೈ ಒರೆಸಿಕೊಂಡು ಬರುತ್ತಿದ್ದಳು. ಟಿವಿಯಲ್ಲಿ ಸಾವಿನ ಲೆಕ್ಕ ಬರುತ್ತಿತ್ತು. "ಅವರಿಗೂ ಬಿಪಿ ಇದೆ ಕಣೇ," ಎನ್ನುತ್ತಿದ್ದಳು. ಆಗಲಾದರೂ ನಾನು ಹೇಳಬೇಕಿತ್ತು. ಹೇಳಲಿಲ್ಲ. ಮಗಳ ಎದುರು, ಗಂಡನ ಎದುರು, ತಾಯಿಯ ಸ್ನೇಹಿತೆಯ ಮಗನಿಗೆ ಸುಳ್ಳು ನಂಬರು ಕೊಟ್ಟೆ ಎಂದು ಹೇಳುವ ಧೈರ್ಯ ಬರಲಿಲ್ಲ. ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ: ಮಾಲಿನಲ್ಲಿ ವಾಕ್ ಮಾಡುತ್ತಿದ್ದ ಹುಬ್ಬಳ್ಳಿ ಆಂಟಿಯ ಮನೆಯವರು ಇದ್ದರೆ ತಿಳಿಸಿ. ಹೆಸರು ಏನೆಂದು ಇಪ್ಪತ್ತು ಜನ ಕೇಳಿದರು. ಒಬ್ಬರು ಹುಬ್ಬಳ್ಳಿಯ ಒಳ್ಳೆಯ ಅಡುಗೆಯವರ ನಂಬರ್ ಕಳಿಸಿದರು. ಅಷ್ಟೇ.

ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮನೆಯಿಂದಲೇ ಮೀಟಿಂಗಿನಲ್ಲಿದ್ದೆ. ಪರಿಚಯವಿಲ್ಲದ ನಂಬರು, ನಾರ್ತ್ ಕೆರೊಲಿನಾ ಎಂದು ತೋರಿಸುತ್ತಿತ್ತು. ಕಟ್ ಮಾಡಿದೆ. ಮತ್ತೆ ಬಂತು. ಆಗ ದಿನಕ್ಕೆ ಹತ್ತು ಸಲ ಕಾರ್ ವಾರಂಟಿಯವರು, ಇನ್ಶೂರೆನ್ಸಿನವರು. ತಲೆ ಚಿಟ್ಟು ಹಿಡಿದಿತ್ತು. ಬ್ಲಾಕ್ ಮಾಡಿದೆ.

"ಯಾರೇ ಅದು?" ಎಂದು ಅಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ಯಾರೋ ಸ್ಪ್ಯಾಮ್ ಅಮ್ಮ. ನೀನು ಹೋಗು, ಕ್ಯಾಮೆರಾ ಆನ್ ಇದೆ."

ಅವಳು ಕ್ಯಾಮೆರಾಗೆ ಕಾಣದ ಹಾಗೆ ಬಗ್ಗಿಕೊಂಡು ಹೋದಳು. ಅಕ್ಕಾರರ ಮಗ ನಾರ್ತ್ ಕೆರೊಲಿನಾದಿಂದ ಬಂದವನು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವನ ಹತ್ತಿರ ಇರುವುದು ನನ್ನ ನಂಬರೇ ಅಲ್ಲ ಎಂಬುದು ನನಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಅತ್ತ ಯೋಚನೆಯೇ ಹೋಗಲಿಲ್ಲ.

ಜುಲೈನ ಟಿಕೆಟ್ ರದ್ದಾಗಿ, ವೀಸಾ ಮುಂದುವರಿಸಿ, ಅಮ್ಮ ನಮ್ಮ ಜೊತೆ ವರ್ಷ ಕಳೆದಳು. ಮಾಲು ಅರ್ಧ ತೆರೆದಿತ್ತು, ಆದರೆ ಅವಳ ವಯಸ್ಸಿನವರನ್ನು ಒಳಗೆ ಬಿಡುವ ಧೈರ್ಯ ನಮಗಿರಲಿಲ್ಲ. ಅವಳು ಮತ್ತೆ ಆ ಗಾಜಿನ ಕೆಳಗೆ ಕಾಲಿಟ್ಟದ್ದು ಇಪ್ಪತ್ತೊಂದರ ಫೆಬ್ರವರಿಯಲ್ಲಿ, ಲಸಿಕೆಗೆ. ಖಾಲಿಯಾದ ದೊಡ್ಡ ಸ್ಟೋರಿನಲ್ಲಿ ಟೇಬಲ್ ಹಾಕಿದ್ದರು, ಕ್ಯೂ ಅಂಗಡಿಬೀದಿಯ ಉದ್ದಕ್ಕೂ ಬೆಳೆದಿತ್ತು. ಆರಡಿಗೆ ಒಬ್ಬರು, ಎಲ್ಲರ ಮುಖಕ್ಕೂ ಮಾಸ್ಕು. ಎದುರಿನ ಸಾಲಿನಲ್ಲಿ ಸೀರೆ ಕಂಡಾಗಲೆಲ್ಲ ಅಮ್ಮ ಕತ್ತು ಉದ್ದ ಮಾಡುತ್ತಿದ್ದಳು. ಕಣ್ಣುಗಳನ್ನು ನೋಡುವಳು, ಆಮೇಲೆ ಸೆರಗು ನೋಡುವಳು, ಆಮೇಲೆ ಶೂ. ಇಳಕಲ್ ಸೀರೆಯ ಒಬ್ಬರ ಹತ್ತಿರ ಹೋಗಿ, "ಅಕ್ಕಾರ?" ಎಂದೇ ಬಿಟ್ಟಳು. ಆ ಹೆಂಗಸು ತೆಲುಗಿನವರು. ಅಮ್ಮ ಕ್ಷಮೆ ಕೇಳಿ ತನ್ನ ಜಾಗಕ್ಕೆ ಬಂದು ನಿಂತಳು. ನಾನು ಫೋನು ನೋಡುತ್ತ ಇದ್ದೆ, ಅವಳ ಮುಖ ನೋಡಲಾಗದೆ.

ಮಾರ್ಚ್ ಕೊನೆಗೆ ಅವಳು ಮೈಸೂರಿಗೆ ಹೊರಟಳು. ನೋಟ್‌ಬುಕ್ಕನ್ನು ಇಲ್ಲೇ ಬಿಟ್ಟಳು. "ಅವರು ಫೋನ್ ಮಾಡಿದ್ರೆ ನನ್ನ ನಂಬರ್ ಕೊಡು," ಅಂದಳು. ಆಮೇಲೆ ಎರಡೂವರೆ ವರ್ಷ ನಮ್ಮ ವೀಡಿಯೊ ಕಾಲ್‌ಗಳಲ್ಲಿ ಆ ಮಾತು ಬರಲಿಲ್ಲ. ಮರೆತಳೆಂದು ನಾನು ನಿಟ್ಟುಸಿರು ಬಿಟ್ಟೆ. ಎಷ್ಟು ಸುಲಭವಾಗಿ ನಾವು ನಮಗೆ ಬೇಕಾದ್ದನ್ನು ನಂಬುತ್ತೇವೆ.

ಮಾಲು ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ. ಕನ್ನಡಕದ ಅಂಗಡಿ ಹೋಯಿತು, ಹುಬ್ಬಿನ ಕಿಯಾಸ್ಕು ಹೋಯಿತು. ಗಾಜಿಗೆ ಅಲ್ಲಲ್ಲಿ ನೀಲಿ ಟಾರ್ಪಾಲು ಬಂತು. ಬೆಲ್ಜಿಯಂನ ಆ ಬೀದಿ ಎರಡು ಯುದ್ಧ ದಾಟಿ ಇನ್ನೂ ನಿಂತಿದೆಯೆಂದು ಅಮ್ಮನ ಟಿಪ್ಪಣಿಯಲ್ಲಿತ್ತು. ಅದನ್ನು ನೋಡಿ ಕಟ್ಟಿದ ನಮ್ಮದು ಒಬ್ಬ ಮನುಷ್ಯನ ಆಯಸ್ಸಿನಷ್ಟೂ ಬಾಳಲಿಲ್ಲ.

ಇಪ್ಪತ್ತಮೂರರ ಅಕ್ಟೋಬರಿನಲ್ಲಿ ಅಮ್ಮ ಮತ್ತೆ ಬಂದಳು, ಮೊದಲಿಗಿಂತ ಸಣ್ಣಗಾಗಿ, ಕೈಯಲ್ಲಿ ಕೋಲು ಹಿಡಿದು. ಬಂದ ವಾರಕ್ಕೆ, "ಗಾಜಿನಮನೆ ತೋರಿಸು" ಅಂದಳು. ಕೆಡವುತ್ತಿದ್ದಾರೆ ಎಂದೆ. ಆದರೂ ತೋರಿಸು ಅಂದಳು.

ಶನಿವಾರ ಹೋದೆವು. ಸುತ್ತ ತಂತಿ ಬೇಲಿ, ಅದರ ಮೇಲೆ ಮುಂದೆ ಬರಲಿರುವ ಮನೆಗಳ ಬಣ್ಣದ ಚಿತ್ರ. ಗೋಡೆಗಳನ್ನು ಇನ್ನೂ ಮುಟ್ಟಿರಲಿಲ್ಲ, ಮೊದಲು ಗಾಜು ಬಿಚ್ಚುತ್ತಿದ್ದರು. ಕ್ರೇನು ಒಂದೊಂದೇ ಹಲಗೆಯನ್ನು ಎತ್ತಿ, ನಿಧಾನವಾಗಿ ಕೆಳಗಿಳಿಸುತ್ತಿತ್ತು. ಕಬ್ಬಿಣದ ಕಮಾನುಗಳು ಬರಿದಾಗಿ ನಿಂತಿದ್ದವು, ಅವುಗಳ ನಡುವೆ ಆಕಾಶ. ಅಮ್ಮ ಬೇಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು.

"ನಾನು ಅವತ್ತು ಆ ರೊಟ್ಟಿ ತಿನ್ನಬೇಕಾಗಿತ್ತು ಕಣೇ," ಅಂದಳು.

"ಯಾವ ರೊಟ್ಟಿ?"

"ಕೊನೇ ದಿನ. ಅಕ್ಕಾರ ನನಗೋಸ್ಕರ ಜೋಳದ ರೊಟ್ಟಿ ಮಾಡ್ಕೊಂಡು ಬಂದಿದ್ರು, ಬಟ್ಟೆಯಲ್ಲಿ ಸುತ್ತಿ, ಬಿಸಿ ಇತ್ತು ಇನ್ನೂ. ನಾನು ಸಕ್ಕರೆ ಕಾಯಿಲೆ ಇಟ್ಕೊಂಡು ಏಕಾದಶಿ ಅಂತ ಮುಟ್ಟಲಿಲ್ಲ. ಮನೆಗೂ ತರಲಿಲ್ಲ. ನಾವು ಬೇರೆ ಜಾತಿಯವರು, ಅವರ ಕೈದು ತಿನ್ನಲ್ಲ ಅಂತ ಅಂದ್ಕೊಂಡಿರ್ತಾರೆ. ಅದಕ್ಕೇ ಫೋನ್ ಮಾಡ್ಲಿಲ್ಲ. ಮೂರೂವರೆ ವರ್ಷದಿಂದ ಅದೇ ಯೋಚನೆ ನನಗೆ. ನಂಬರ್ ಇತ್ತಲ್ಲ ಅವರ ಹತ್ರ, ಮನಸ್ಸಿದ್ದಿದ್ರೆ ಮಾಡ್ತಿರಲಿಲ್ವಾ?"

ನಾನು ಆಗಲೂ ಹೇಳಲಿಲ್ಲ. ಚಳಿಯಾಗುತ್ತಿದೆ ಬಾ ಎಂದು ಕರೆದುಕೊಂಡು ಬಂದೆ. ಆ ಕ್ಷಣದಷ್ಟು ನನ್ನ ಬಗ್ಗೆ ನಾನು ಎಂದೂ ಹೇಸಿಕೊಂಡಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಹದಿನಾರು ವರ್ಷದ ಮಗಳು ಊಟದ ಮೇಜಿನಲ್ಲಿ ಕೂತು ನನ್ನ ಹಳೆಯ ಫೋನಿನಿಂದ ಹೊಸದಕ್ಕೆ ಎಲ್ಲವನ್ನೂ ಸಾಗಿಸುತ್ತಿದ್ದಳು.

"ಅಮ್ಮಾ, ನಿನ್ ವಾಯ್ಸ್‌ಮೇಲ್ ಈಸ್ ಎ ಮೆಸ್. ಕೆಳಗಡೆ ಬ್ಲಾಕ್ಡ್ ಮೆಸೇಜಸ್ ಅಂತ ಇದೆ. ಡಿಲೀಟ್ ಮಾಡ್ಲಾ?"

"ಮಾಡು."

"ವೇಟ್. ಯಾರೋ ಅಜ್ಜಿ ಕನ್ನಡ ಮಾತಾಡ್ತಾ ಇದಾರೆ."

ಒಲೆ ಆರಿಸಿ, ಅವಳ ಕೈಯಿಂದ ಫೋನ್ ಕಿತ್ತುಕೊಂಡು ಹೋಗಿ ಕಾರಿನಲ್ಲಿ ಕೂತೆ. ಎರಡು ಮೆಸೇಜುಗಳಿದ್ದವು, ಇಪ್ಪತ್ತರ ಬೇಸಿಗೆಯವು, ಒಂದೇ ನಂಬರಿನಿಂದ. ಮೊದಲನೆಯದು ಮಗನದು.

"ಮೇಡಂ, ಸಾರಿ ರೀ, ಅವತ್ತ ನಿಮ್ಮ ನಂಬರ್ ನಾನ ತಪ್ಪ ಟೈಪ್ ಮಾಡೀನಿ ಅನಸ್ತೈತಿ. ಒಂದೊಂದ ಡಿಜಿಟ್ ಚೇಂಜ್ ಮಾಡಿ ಟ್ರೈ ಮಾಡಾಕತ್ತಿದ್ದೆ. ಇಲ್ಲಿ ರೆಕಾರ್ಡಿಂಗ್ ಒಳಗ ನೀವು ನಮಸ್ಕಾರ ಅಂದಿದ್ದ ಕೇಳಿ ಗುರ್ತ ಹತ್ತಿತು. ನಾವು ವಾಪಸ್ ಬ್ಯಾಲಂಟೈನಿಗೆ ಬಂದೀವ್ರಿ. ಅಮ್ಮ ದಿನಾ ಕೇಳ್ತಾಳ. ಒಮ್ಮೆ ಕಾಲ್ ಬ್ಯಾಕ್ ಮಾಡ್ರಿ."

ಎರಡನೆಯದು ಅಕ್ಕಾರರದು. ಅದನ್ನು ಅರ್ಧ ಕೇಳಿ ನಿಲ್ಲಿಸಿದೆ. ಅದನ್ನು ಮೊದಲು ಕೇಳಬೇಕಾದವಳು ನಾನಲ್ಲ. ಆ ನಂಬರಿಗೆ ಫೋನ್ ಮಾಡಿದೆ.

ಅವನೇ ಎತ್ತಿದ. ಯಾರೆಂದು ಹೇಳಿದೆ. "ಅಮ್ಮ ಹೋಗಿ ಎರಡೂವರೆ ವರ್ಷ ಆತ್ರಿ ಮೇಡಂ," ಎಂದ. "ಹುಬ್ಬಳ್ಯಾಗ, ಸೆಕೆಂಡ್ ವೇವ್ ಒಳಗ. ಮೇ ತಿಂಗಳ. ನನಗೂ ಹೋಗಾಕ ಆಗ್ಲಿಲ್ರಿ, ವೀಸಾ ಸ್ಟ್ಯಾಂಪಿಂಗ್ ಎಲ್ಲಾ ಬಂದ್ ಇತ್ತು, ಹೋದ್ರ ಹೊಳ್ಳಿ ಬರಾಕ ಆಗ್ತಿರಲಿಲ್ಲ."

ಇಪ್ಪತ್ತೊಂದರ ಮೇ. ಆಗ ಅಮ್ಮ ಮೈಸೂರಿನಲ್ಲಿದ್ದಳು. ಎರಡು ತಿಂಗಳು ಇಬ್ಬರೂ ಒಂದೇ ರಾಜ್ಯದಲ್ಲಿ ಇದ್ದರು, ನಡುವೆ ಒಂದು ರೈಲಿನ ದೂರ.

ಅವನಿಗೆ ನಿಜ ಹೇಳಿದೆ. ನೀವು ತಪ್ಪು ಬರೆದುಕೊಳ್ಳಲಿಲ್ಲ, ನಾನೇ ತಪ್ಪು ಕೊಟ್ಟೆ, ಬಿಸಿನೆಸ್ಸಿನವರು ಅಂದುಕೊಂಡೆ ಎಂದೆ. ಬೈಯಲಿ ಎಂದು ಕಾದೆ. ಅವನು ಸಣ್ಣಗೆ ನಕ್ಕ.

"ನನ್ನನ್ನ ಯಾರರ ಹಂಗ ಕೇಳಿದ್ರ ನಾನೂ ರಾಂಗ್ ನಂಬರ್ ಕೊಡ್ತೀನ್ರಿ," ಎಂದ. ಆಮೇಲೆ, "ಅಮ್ಮ ಊರಿಗೆ ಹೋದ ಮ್ಯಾಲ ಓಣಿ ಮಂದಿಗೆಲ್ಲಾ ಆ ಬೆಲ್ಜಿಯಂ ಗಾಜಿನ ಬಜಾರದ ಕತಿ ಹೇಳ್ತಿದ್ಲು. ನಮ್ಮ ಮಾಸ್ತರಬಾಯಾರು ಕಲಿಸ್ಯಾರ ಅಂತಿದ್ಲು" ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಒಳಗೆ ಹೋದಾಗ ಅಮ್ಮ ಸೋಫಾದಲ್ಲಿ ಕೂತು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. ಅವಳ ಕಾಲ ಹತ್ತಿರ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಕಿಟಕಿ ತಟ್ಟಿದ್ದು, ಕೊನೆಯ ಅಂಕೆ, ಬ್ಲಾಕ್ ಮಾಡಿದ್ದು, ಕ್ಯಾಮೆರಾ ಆನ್ ಇದೆ ಹೋಗು ಅಂದದ್ದು. ಅವರು ತೀರಿಕೊಂಡದ್ದು. ರೊಟ್ಟಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದೆ. ಅವಳು ನನ್ನ ಮುಖ ನೋಡಲಿಲ್ಲ. ಸೊಪ್ಪಿನ ತಟ್ಟೆಯನ್ನು ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡಳು.

"ಎಲ್ಲಿ, ಕೊಡು ಇಲ್ಲಿ," ಎಂದು ಫೋನಿಗೆ ಕೈ ಚಾಚಿದಳು.

ಎರಡನೆಯ ಮೆಸೇಜು ಹಾಕಿ ಅವಳ ಕೈಗೆ ಕೊಟ್ಟೆ. ಅಕ್ಕಾರರಿಗೆ ವಾಯ್ಸ್‌ಮೇಲ್ ಎಂದರೆ ಏನೆಂದು ಮಗ ಹೇಳಿದ್ದನೋ ಇಲ್ಲವೋ. ಅವರು ಒಂದೊಂದು ಪ್ರಶ್ನೆ ಕೇಳಿ, ಈ ಕಡೆಯವರು ಉತ್ತರ ಹೇಳಲೆಂದು ಸುಮ್ಮನೆ ಕಾಯುತ್ತಿದ್ದರು.

"ಅಕ್ಕಾರ, ನಾನ್ರಿ. ಆರಾಮ ಅದೀರಿಲ್ರಿ?"

ಫೋನಿನಲ್ಲಿ ಸದ್ದಿಲ್ಲ. ಎಲ್ಲೋ ಹಿಂದೆ ಕುಕ್ಕರ್ ಕೂಗಿತು.

"ಇದೀನಿ ಕಣ್ರೀ," ಎಂದಳು ಅಮ್ಮ, ಫೋನಿಗೆ.

"ಊಟ ಆತೇನ್ರಿ?"

"ಆಯ್ತು. ನಿಮ್ದು?"

"ನಾಡಿದ್ದ ಊರಿಗೆ ಹೊಂಟೀನ್ರಿ ನಾನು. ಸ್ಪೆಶಲ್ ಇಮಾನ ಬಿಟ್ಟಾರಂತ. ಹೋಗೂದ್ರಾಗ ಒಮ್ಮೆ ನಿಮ್ಮ ದನಿ ಕೇಳೂಣು ಅಂತ ಮಾಡಿದ್ನಿ." ಮತ್ತೆ ಮೌನ. ಆಮೇಲೆ ದನಿ ತಗ್ಗಿಸಿ, "ಅಕ್ಕಾರ, ನನ್ನ ಮ್ಯಾಲ ಸಿಟ್ಟಾಗೀರೇನ್ರಿ?"

ಅಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರ ತಂದಳು. ಬಾಯಿ ತೆರೆದಳು.

"ಆತ್ರಿ ಹಂಗಾರ. ಇಡ್ತೀನ್ರಿ," ಎಂದರು ಅಕ್ಕಾರ, ಮೆಸೇಜು ಮುಗಿಯಿತು.

ಅಮ್ಮ ಫೋನನ್ನು ನನ್ನ ಕೈಗೆ ಕೊಟ್ಟಳು.

"ಇನ್ನೊಂದ್ಸಲ ಹಾಕು. ನಾನು ಸಿಟ್ಟಿಲ್ಲ ಅನ್ನೋದ್ರೊಳಗೆ ಇಟ್ಬಿಟ್ರು," ಅಂದಳು.